ಗೋಡೆಯ ಕಡೆ ಮುಖ ಮಾಡಿ ಕೂತ ಕಂಪೌಂಡರ್

ಹಳಿಯಾಳದ ಸುತ್ತಲಿನ ಹಳ್ಳಿಗಳಲ್ಲಿ ಆಗ ಒಂದು ನಂಬಿಕೆ ಇತ್ತು. ಬರೀ ಗುಳಿಗೆ ಕೊಟ್ಟು ಕಳಿಸುವವನು ಡಾಕ್ಟರೇ ಅಲ್ಲ, ಸೂಜಿ ಚುಚ್ಚಿದರೇ ರೋಗ ಹೋಗುವುದು. ಹಾಗಾಗಿ ಡಾಕ್ಟರಿಗಿಂತ ಅವರ ಕಂಪೌಂಡರ್ ನಾಗಲಿಂಗಪ್ಪನಿಗೇ ಹೆಸರು ಹೆಚ್ಚು. ಅವನ ಕೈ ಅಷ್ಟು ಹಗುರ. ಅಳಲೆಂದು ಬಾಯಿ ತೆರೆದ ಕೂಸುಗಳು, ಚುಚ್ಚಿದ್ದು ಮುಗಿದೇ ಹೋಗಿದೆ ಎಂದು ತಿಳಿದು ಪೆಚ್ಚಾಗಿ ಬಾಯಿ ಮುಚ್ಚುತ್ತಿದ್ದವು. ಸಂಜೆ ಸೈಕಲ್ಲಿಗೆ ಚೀಲ ಸಿಕ್ಕಿಸಿಕೊಂಡು ಹೊರಟನೆಂದರೆ ಮನೆಮನೆಯಲ್ಲೂ ಚಹಾ. ನಿಮ್ಮ ಕೈ ಊರಿಗೆಲ್ಲ ಹಗುರ, ಮನೆಗೆಲಸಕ್ಕೆ ಮಾತ್ರ ಭಾರ ಎಂದು ಹೆಂಡತಿ ಶಿವಗಂಗಾ ಛೇಡಿಸುತ್ತಿದ್ದಳು.

೧೯೯೬ರ ಬೇಸಿಗೆಯಲ್ಲಿ ಅವನಿಗೆ ಮೂತ್ರದ ಹರಳಿನ ನೋವು ಎದ್ದಿತು. ನೆಲದಲ್ಲಿ ಹೊರಳಾಡುತ್ತಿದ್ದವನಿಗೆ ಡಾಕ್ಟರು ಅಫೀಮಿನ ಜಾತಿಯ ನೋವಿನ ಇಂಜೆಕ್ಷನ್ ಕೊಟ್ಟರು. ಹೋದದ್ದು ನೋವೊಂದೇ ಅಲ್ಲ, ಹುಟ್ಟಿದಾಗಿನಿಂದ ಹೊತ್ತ ಮೂಟೆಯನ್ನೇ ಯಾರೋ ಇಳಿಸಿಕೊಂಡಂತಾಯಿತು. ವಾರದಲ್ಲಿ ಹರಳು ಬಿದ್ದುಹೋಯಿತು, ಆ ಸುಖದ ನೆನಪು ಹೋಗಲಿಲ್ಲ. ಔಷಧದ ಕಪಾಟಿನ ಕೀಲಿ ಅವನ ಉಡಿದಾರದಲ್ಲೇ ಇತ್ತು.

ಏಳು ವರ್ಷ ಯಾರಿಗೂ ತಿಳಿಯಲಿಲ್ಲ. ಕಪಾಟಿನದು ಸಾಲದಾದಾಗ ಅವನು ರೋಗಿಗಳ ಪಾಲಿನದಕ್ಕೆ ಕೈ ಹಾಕಿದ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸೊಂಟ ಮುರಿದು ಮಲಗಿದ್ದ ಮಾಲವ್ವನೆಂಬ ಮುದುಕಿಗೆ ಅರ್ಧ ಔಷಧ ಅರ್ಧ ನೀರು ಸೇರಿಸಿ ಚುಚ್ಚುತ್ತಿದ್ದ. ನಾಗಲಿಂಗಪ್ಪನ ಕೈಯಿಂದ ಹಾಕಿಸಿಕೊಂಡರೂ ನೋವು ಹೋಗಲಿಲ್ಲವೆಂದರೆ ಅದು ತನ್ನ ಕರ್ಮವೇ ಸರಿ ಎಂದು ಮುದುಕಿ ಹದಿನೈದು ದಿನ ಹಲ್ಲು ಕಚ್ಚಿ ಮಲಗಿದಳು. ಕೊನೆಗೆ ಡಾಕ್ಟರಿಗೆ ಗುಟ್ಟು ಗೊತ್ತಾಗಿ ಕೆಲಸ ಹೋಯಿತು. ಶಿವಗಂಗಾ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ನೀವು ಹಾಕ್ಕೊಂಡ್ರಿ ಅಂತ ಹೊಂಟಿಲ್ಲರಿ. ಆ ಮುದುಕಿ ಪಾಲಿಂದು ಕದ್ರಲ್ಲ, ಅದಕ್ಕ ಹೊಂಟೇನಿ."

ಅವಳು ಮುಂಡಗೋಡದ ಹತ್ತಿರದ ಚಿಗಳ್ಳಿಯ ತವರು ಸೇರಿದಳು. ಇವನು ಬಿಡುವುದು, ಮತ್ತೆ ಹಿಡಿಯುವುದು, ಹೀಗೇ ಮೂರು ವರ್ಷ ಕಳೆದ. ಬಿಟ್ಟಾಗ ಮೈಯೆಲ್ಲ ಮುರಿಯುತ್ತಿತ್ತು, ಹಿಡಿದಾಗ ಅವಳ ಮಾತು ಚುಚ್ಚುತ್ತಿತ್ತು.

೨೦೦೬ರಲ್ಲಿ ದೂರದ ಊರಿನ ಒಂದು ದೊಡ್ಡ ಆಸ್ಪತ್ರೆ ಸೇರಿದ. ಮೊದಲು ಮೈಯಿಂದ ಔಷಧ ಇಳಿಸಿದರು. ಆಮೇಲೆ ಶರಣಬಸವ ಎಂಬ ಎಳೆವಯಸ್ಸಿನ ಡಾಕ್ಟರು ಹೊಸ ಯಂತ್ರವೊಂದನ್ನು ತೋರಿಸಿದರು. ಇಂಗ್ಲಿಷ್ ಅಂಕಿ ಎಂಟರ ಆಕಾರದ ಸುರುಳಿಯನ್ನು ಎಡಹಣೆಯ ಮೇಲೆ ಹಿಡಿದರೆ ಅಯಸ್ಕಾಂತದ ಬಲ ತಲೆಬುರುಡೆ ದಾಟಿ ಮೆದುಳನ್ನು ತಟ್ಟುತ್ತದಂತೆ. ಬೇಡ ಎನ್ನಬೇಕಾದ ಜಾಗ ನಿಮ್ಮಲ್ಲಿ ದಣಿದಿದೆ, ಎಬ್ಬಿಸಿ ನೋಡುತ್ತೇವೆ, ಇದಿನ್ನೂ ಪರೀಕ್ಷೆಯಲ್ಲಿದೆ, ಗುಣವಾಗುತ್ತದೆಂದು ಮಾತು ಕೊಡಲಾರೆ ಎಂದರು. ಮಾತು ಕೊಡದ ಡಾಕ್ಟರ ಮೇಲೆ ಅವನಿಗೆ ನಂಬಿಕೆ ಹುಟ್ಟಿತು. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದಾಗ ಮಾತ್ರ ಎದ್ದು ನಿಂತ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕದಿಯುವಾಗಲೂ ಅದನ್ನು ಅವನು ಮೈಯಿಂದ ಅಗಲಿಸಿರಲಿಲ್ಲ. ಕಡೆಗೆ ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತ. ಹೊಲಿಗೆ ಮಶಿನ್ನಿನಂತೆ ಟಕಟಕ ಸದ್ದು, ಹಣೆಯ ಮೇಲೆ ಬೆರಳಿನಿಂದ ಬಡಿದಂತೆ ಪೆಟ್ಟು, ಅಷ್ಟೇ.

ಯಂತ್ರದ ಬಳಿಕ ಕಂಪ್ಯೂಟರಿನ ಮುಂದೆ ಕಣ್ಣಿನ ಅಭ್ಯಾಸ. ಪರದೆಯ ನಡುವೆ ಒಂದು ಗುರುತು. ಅದರ ಒಂದು ಮಗ್ಗುಲಿಗೆ ಸಿರಿಂಜಿನ ಚಿತ್ರ, ಇನ್ನೊಂದು ಮಗ್ಗುಲಿಗೆ ಹಸುವೋ ಹೂವೋ. ಕಣ್ಣು ಸಿರಿಂಜಿನಿಂದ ಹೊರಳಿ ಇನ್ನೊಂದರ ಮೇಲೆ ಬೀಳಬೇಕು, ಅಲ್ಲಿ ಚುಕ್ಕೆ ಕಂಡ ಕೂಡಲೇ ಗುಂಡಿ ಒತ್ತಬೇಕು. ವಾರವಾದರೂ ನಾಗಲಿಂಗಪ್ಪ ಗುಂಡಿ ಒತ್ತುವ ವೇಗ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಡಾಕ್ಟರು ಎದುರಿಗೆ ಕೂತು ಅವನ ಕಣ್ಣನ್ನೇ ನೋಡಿದರು. ಆಸಾಮಿ ರೆಪ್ಪೆ ಬಡಿಯದೆ ನಡುವಿನ ಗುರುತನ್ನೇ ನೋಡುತ್ತಿದ್ದ. ಎಂಟನೆಯ ವಯಸ್ಸಿನಿಂದ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ಕದಲಿಸದೆ ಪೂಜೆ ಮಾಡಿದ ಕಣ್ಣು ಅದು. ನಡುವೆ ನೋಡು ಎಂದರೆ ನಡುವೆಯೇ ನೋಡುತ್ತದೆ. ಡಾಕ್ಟರೂ ಅದೇ ಪೂಜೆಯ ಮನೆಯವರು, ನಕ್ಕುಬಿಟ್ಟರು. ಮನೆಯಲ್ಲಿ ಕಣ್ಣು ನಿಲ್ಲಿಸಿ, ಇಲ್ಲಿ ಹೊರಳಿಸಿ, ಎರಡೂ ಬೇಕಾಗುತ್ತವೆ ಎಂದರು.

ಅಂದಿನಿಂದ ಕಣ್ಣು ಹೊರಳಿತು, ಎದೆಯಲ್ಲಿ ಮಾತ್ರ ಸಂಕಟ. ಸಿರಿಂಜೆಂದರೆ ಅವನಿಗೆ ಬರೀ ಚಟವೇ? ಅನ್ನ ಅದು, ಮಾನ ಅದು, ದಾರಿಯುದ್ದದ ಚಹಾ ಅದು. ಪ್ರತಿ ಸಲ ಕಣ್ಣು ಹೊರಳಿಸಿದಾಗಲೂ ಹಳೆಯ ನಾಗಲಿಂಗಪ್ಪನನ್ನು ಹಿಂದೆ ಬಿಟ್ಟು ಬಂದಂತಾಗುತ್ತಿತ್ತು.

ಬಿಡುಗಡೆಯಾದ ಮೇಲೆ ದಾಂಡೇಲಿಯ ಟಿಂಬರ್ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರ್ ಬರೆಯುವ ಕೆಲಸಕ್ಕೆ ನಿಂತ. ವರ್ಷ ದಾಟಿತು. ಆಸೆ ಕಡಿಮೆಯಾಗಿತ್ತು, ಸತ್ತಿರಲಿಲ್ಲ. ಶಿವಗಂಗಾಳ ಮೇಲಿನ ಆಸೆ ಮಾತ್ರ ಕಡಿಮೆಯೂ ಆಗಲಿಲ್ಲ. ಭಾನುವಾರಗಳಂದು ಬಸ್ ಸ್ಟ್ಯಾಂಡಿಗೆ ಹೋಗಿ ಮುಂಡಗೋಡದ ಬೋರ್ಡು ನೋಡಿ ವಾಪಸ್ ಬರುತ್ತಿದ್ದ. ಏನೆಂದು ಹೋಗುವುದು? ಅವಳು ಕರೆದಿರಲಿಲ್ಲ.

ಅತ್ತೆ ಕಾಶೆವ್ವನಿಗೆ ಹೊಟ್ಟೆಯ ಕ್ಯಾನ್ಸರ್ ಎಂಬ ಸುದ್ದಿ ಬಂದಾಗ ತಡೆಯಲಾಗದೆ ಬಸ್ ಹತ್ತಿದ. ಅವನು ಚಿಗಳ್ಳಿಯ ಮನೆ ಮುಟ್ಟಿದಾಗ ಮಧ್ಯಾಹ್ನ. ಸೂಜಿ ಹಾಕಲು ಬೆಳಿಗ್ಗೆಯೇ ಬರಬೇಕಿದ್ದ ನರ್ಸಮ್ಮ ಬಂದಿರಲಿಲ್ಲ. ಮುದುಕಿ ಮೊಳಕಾಲು ಎದೆಗೆ ಮಡಚಿ ನರಳುತ್ತಿದ್ದಳು. ಗೋಡೆಯ ಮಾಡದಲ್ಲಿ ಔಷಧದ ಡಬ್ಬಿ. ಮೇಲಿನ ಹೆಸರನ್ನು ಅವನು ದೂರದಿಂದಲೇ ಓದಿದ. ಅದೇ ಔಷಧ. ಶಿವಗಂಗಾ ಗಂಡನನ್ನು ನೋಡಿದವಳೇ ಡಬ್ಬಿ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು.

"ನಾಗಲಿಂಗ, ನಿನ್ನ ಕೈ ಹಗೂರ ಐತಿ. ನೀನ ಹಾಕಪಾ," ಎಂದಳು ಕಾಶೆವ್ವ.

ಇಲ್ಲವೆನ್ನುವಂತಿಲ್ಲ, ಹೂಂ ಎನ್ನುವಂತೆಯೂ ಇಲ್ಲ. ಅವನು ಹೆಂಡತಿಗೆ ಹೇಳಿದ, "ನನ್ನ ಕೈಯಾಗ ಕೊಡಬ್ಯಾಡ, ಗಂಗಾ. ಆಸೆ ಇನ್ನೂ ಐತಿ. ನೀ ಹಾಕು, ನಾ ಹೇಳ್ತೇನಿ."

ಹೇಳಿ ಗೋಡೆಯ ಕಡೆ ಮುಖ ಮಾಡಿ ಕೂತ. ಕೈ ತೊಳೆಯುವುದರಿಂದ ಹಿಡಿದು ಒಂದೊಂದಾಗಿ ಹೇಳತೊಡಗಿದ. ಬೆನ್ನ ಹಿಂದೆ ಔಷಧದ ಗಾಜಿನ ಕುತ್ತಿಗೆ ಟಕ್ ಎಂದು ಮುರಿದ ಸದ್ದು ಕೇಳಿದ್ದೇ ತಡ, ಮೈಯ ಕೂದಲೆಲ್ಲ ಎದ್ದು ನಿಂತವು. ಪೂಜೆಯ ಹೊತ್ತಲ್ಲ, ಆದರೂ ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟ.

"ಎಷ್ಟು ಎಳೀಬೇಕರಿ?" ಶಿವಗಂಗಾ ಕೇಳಿದಳು.

"ಪೂರಾ. ಒಂದ ಹನಿ ಸೈತ ಉಳೀಬಾರದು."

ಎಲ್ಲಿ ಚುಚ್ಚಬೇಕು, ಎಷ್ಟು ನಿಧಾನ ಒತ್ತಬೇಕು, ಎಲ್ಲ ಹೇಳಿದ. ದನಿ ನಡುಗಲಿಲ್ಲ. ಸ್ವಲ್ಪ ಹೊತ್ತಿಗೆ ಕಾಶೆವ್ವನ ಕಾಲು ಮೆಲ್ಲಗೆ ಚಾಚಿಕೊಂಡವು. ಚುಚ್ಚಿದ್ದೇ ಗೊತ್ತಾಗಲಿಲ್ಲ, ನಾಗಲಿಂಗನೇ ಹಾಕಿದನೇನು ಎಂದು ಅರೆಗಣ್ಣಿನಲ್ಲಿ ಕೇಳಿದಳು.

"ಹೌದವ್ವಾ," ಎಂದಳು ಶಿವಗಂಗಾ. "ಅವರ ಹಾಕಿದ್ರು."

ಖಾಲಿ ಗಾಜನ್ನು ಅವಳು ಹೊರಗೆ ಒಯ್ದು ಒಡೆದು ಬಂದಳು. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, ಇನ್ನು ತಿರುಗಬಹುದು ಎಂದಳು. ನಾಗಲಿಂಗಪ್ಪ ತಕ್ಷಣ ತಿರುಗಲಿಲ್ಲ. ಅಳು ನಿಲ್ಲಲೆಂದು ಕಾಯುತ್ತಿದ್ದ.