ಹದಿನೇಳನೇ ನಂಬರಿನ ಡ್ರಮ್ಮು

ನಮ್ಮ ಅಣ್ಣನನ್ನು ಕಾರ್ಖಾನೆಯಲ್ಲಿ ಎಲ್ಲರೂ ಮುಚ್ಚಳಪ್ಪ ಎನ್ನುತ್ತಾರೆ. ಅವನು ಮುಚ್ಚಿದ ಕಾಸ್ಟಿಕ್ ಸೋಡಾದ ಡ್ರಮ್ಮು ಎಷ್ಟು ದೂರ ಹೋದರೂ ಅದರೊಳಗೆ ಗಾಳಿ ಹೊಕ್ಕಿದ್ದಿಲ್ಲ. ಅವನ ಬಾಯಿಯೂ ಹಾಗೆಯೇ. ಮೊದಲನೆಯದು ಹೊಗಳುವ ಮಾತು. ಎರಡನೆಯದರ ಜೊತೆ ಒಂದೇ ಮನೆಯಲ್ಲಿದ್ದು ನೋಡಿ, ಆಮೇಲೆ ನಗಿ.

ನಾನು ಅವನ ತಂಗಿ. ಅದೇ ಕಾರ್ಖಾನೆಯಲ್ಲಿ ತುಂಬಿದ ಡ್ರಮ್ಮುಗಳ ಮೇಲೆ ಕಪ್ಪು ಬಣ್ಣದಲ್ಲಿ ನಂಬರು ಬರೆಯುವುದು ನನ್ನ ಕೆಲಸ. ಯಾರು ತುಂಬಿದರೋ ಅವರ ನಂಬರು. ಅಣ್ಣನದು ಹದಿನೇಳು.

ಕೆಲಸವೇನೆಂದು ಹೇಳಿಬಿಡುತ್ತೇನೆ. ಉಪ್ಪುನೀರಿಗೆ ಕರೆಂಟು ಹಾಯಿಸಿದರೆ ಕ್ಲೋರಿನ್, ಹೈಡ್ರೋಜನ್ ಎರಡೂ ಬೇರೆ ಬೇರೆ ಕೊಳವೆ ಹಿಡಿದು ಹೋಗುತ್ತವೆ, ಸೋಡಾದ ನೀರು ಉಳಿಯುತ್ತದೆ. ಆ ನೀರನ್ನು ಕಾಯಿಸಿ, ಇಂಗಿಸಿ, ಇನ್ನು ಇಂಗಲು ಹನಿಯೂ ಇಲ್ಲ ಎನ್ನುವಾಗ ಸಿಗುವುದು ಕುದಿಯುವ ಎಣ್ಣೆಗಿಂತ ಎಷ್ಟೋ ಬಿಸಿಯಾದ ಪಾಕ. ಅಣ್ಣ ಅದನ್ನು ತೆಳು ತಗಡಿನ ಡ್ರಮ್ಮಿಗೆ ಇಳಿಸಿ ಮುಚ್ಚಳ ಬಿಗಿಯುತ್ತಾನೆ. ಒಂದೆರಡು ದಿನ ತಣಿದರೆ ಒಳಗೆ ಬಿಳಿಯ ಬಂಡೆ. ಕೆಲವರಿಗೆ ಅದನ್ನೇ ಚಕ್ಕೆ ಮಾಡಿ ಚೀಲದಲ್ಲಿ ಕಳಿಸುವುದೂ ಉಂಟು. ಸಾಬೂನಿನವರು, ಬಟ್ಟೆ ಗಿರಣಿಯವರು, ಅಲ್ಯೂಮಿನಿಯಂ ಅದಿರು ಕರಗಿಸುವವರು, ಕಾಗದದ ಕಾರ್ಖಾನೆಯವರು, ಇದಿಲ್ಲದೆ ಯಾರ ಒಲೆಯೂ ಉರಿಯದು.

ಬಂಡೆಯಂತೆ ಕಂಡರೂ ಅದಕ್ಕೆ ನೀರಿನ ಹಸಿವು ಹೇಳತೀರದು. ಮುಚ್ಚಳ ಸಡಿಲವಾಗಿದ್ದರೆ ಗಾಳಿಯಲ್ಲಿನ ತೇವವನ್ನೇ ಹೀರಿ ತನಗೆ ತಾನೇ ಕರಗುತ್ತದೆ. ಒದ್ದೆ ಬೆರಳಿಗೆ ತಾಗಿದರೆ ಸಾಬೂನಿನಂತೆ ಜಾರುತ್ತದೆ. ಹಾಗೆ ಜಾರುವುದು ನಿಮ್ಮದೇ ಚರ್ಮದ ಜಿಡ್ಡು, ಆಗಲೇ ಸಾಬೂನಾಗುತ್ತಿರುತ್ತದೆ. ಇನ್ನು ಕರಗಿಸುವಾಗ ಒಂದೇ ನಿಯಮ: ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಅದು ಕ್ಷಣದಲ್ಲಿ ಕುದಿದು ಮುಖಕ್ಕೆ ಹಾರುತ್ತದೆ.

ಈ ನಿಯಮವನ್ನು ನಮ್ಮ ತಮ್ಮನಿಗೆ ಕಲಿಸಿದವನು ಅಣ್ಣನೇ. ಅಪ್ಪ ಹೋದ ಮೇಲೆ ಅವನನ್ನು ಕೈಹಿಡಿದು ಕಾರ್ಖಾನೆಗೆ ಕರೆತಂದವನೂ ಅವನೇ. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ತಮ್ಮ ಮಾತಿನ ಮಲ್ಲ, ಅಣ್ಣ ಹೂಂ ಎನ್ನುವವನು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ತೊಟ್ಟಿ ತೊಳೆಯಲು ಸೋಡಾದ ನೀರು ಬೇಕಾಯಿತು. ಅವಸರದಲ್ಲಿ ಅಣ್ಣ ಒಣ ತೊಟ್ಟಿಗೆ ಸೋಡಾದ ಗಟ್ಟಿಗಳನ್ನು ಮೊದಲೇ ಹಾಕಿ, ಇನ್ಯಾವುದೋ ಕರೆಗೆ ಹೋದ. ಹೋಗುವಾಗ ತಮ್ಮನಿಗೆ ನೀರು ಬಿಡು ಎಂದ. ಒಳಗೇನಿದೆ ಎಂದು ಹೇಳಲಿಲ್ಲ. ಅಣ್ಣ ಹೇಳಿದ ಮೇಲೆ ತಮ್ಮನೇಕೆ ಬಗ್ಗಿ ನೋಡುತ್ತಾನೆ? ನಲ್ಲಿ ತಿರುಗಿಸಿದ. ಮುಖಕ್ಕೆ ಬಟ್ಟೆ ಮುಚ್ಚಿ ಅವನನ್ನು ಆಸ್ಪತ್ರೆಗೆ ಒಯ್ದರು. ಒಂದು ಕಣ್ಣು ಹೋಯಿತು.

ಸಂಜೆ ಆಫೀಸಿನಲ್ಲಿ ವಿಚಾರಣೆಯಾಯಿತು. ನಿಯಮ ಹೇಳಿಕೊಟ್ಟಿದ್ದೆ, ಅವನೇ ತಪ್ಪು ಮಾಡಿದ ಎಂದು ಅಣ್ಣ ಬರೆಸಿ ಸಹಿ ಹಾಕಿದ. ಹೆದರಿದ್ದ, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮನ ಕೆಲಸ ಹೋಯಿತು. ಅಣ್ಣ ನಾಚಿಕೆಯಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ತಮ್ಮ ಅಲ್ಲಿಂದಲೇ ಬೇರೆ ಊರಿಗೆ ಹೊರಟುಹೋದ.

ಆಮೇಲೆ ಅಣ್ಣ ಮೂರು ಕಾಗದ ಬರೆದ, ಮೂರೂ ಒಡೆಯದೆ ವಾಪಸು ಬಂದವು. ನಾನು ವರ್ಷಕ್ಕೊಮ್ಮೆ ತಮ್ಮನ ಮನೆಗೆ ಹೋಗಿ ಬರುತ್ತೇನೆ. "ಅಕ್ಕ, ನಿನ್ನ ವಿಷಯ ಎಷ್ಟಾದರೂ ಹೇಳು. ಅವನ ವಿಷಯ ಬೇಡ" ಎನ್ನುತ್ತಾನೆ. ಹಿಂತಿರುಗಿದಾಗ ಅಣ್ಣ ಬಾಗಿಲಲ್ಲೇ ನಿಂತಿರುತ್ತಾನೆ. ಏನನ್ನೂ ಕೇಳುವುದಿಲ್ಲ. ನನ್ನ ಚೀಲ ತೆಗೆದುಕೊಂಡು, ಅದರಲ್ಲಿ ಇನ್ನೇನಾದರೂ ಇರಬಹುದೇನೋ ಎನ್ನುವಂತೆ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತಾನೆ. ನನಗೆ ಇಬ್ಬರ ಮೇಲೂ ಕೋಪ ಬರುತ್ತದೆ, ಆ ಚೀಲ ಹಿಡಿದ ಕೈ ನೋಡಿದರೆ ಅಳುವೂ ಬರುತ್ತದೆ.

ಹೋದ ವರ್ಷ ಲಾರಿ ಡ್ರೈವರು ಸುದ್ದಿ ತಂದ. ನಮ್ಮ ಡ್ರಮ್ಮುಗಳು ಹೋಗುವ ಕಾಗದದ ಕಾರ್ಖಾನೆಯಲ್ಲಿ ತಗಡು ಸೀಳಿ ಸೋಡಾ ಹೊರತೆಗೆಯುವ ಕೆಲಸಕ್ಕೆ ನಮ್ಮ ತಮ್ಮ ಸೇರಿದ್ದಾನಂತೆ. ಅಣ್ಣನ ಮುಖ ನೀವು ಆಗ ನೋಡಬೇಕಿತ್ತು. ನಮ್ಮಲ್ಲಿ ಒಂದು ಪದ್ಧತಿಯಿದೆ: ಡ್ರಮ್ಮು ಕೆಟ್ಟು ಬಂದರೆ ಅದನ್ನು ಸೀಳಿದವನು ತುಂಬಿದವನ ನಂಬರು ಹಾಕಿ, ಏನು ಕೆಟ್ಟಿದೆಯೆಂದು ತನ್ನ ಕೈಯಾರೆ ಬರೆದು ಕಳಿಸಬೇಕು. ಒಂದು ಡ್ರಮ್ಮೂ ಕೆಡಿಸದ ನಮ್ಮ ಮುಚ್ಚಳಪ್ಪ ಯೋಚಿಸುತ್ತ ಕೂತ.

ಒಂದು ವಾರದ ನಂತರ ನಂಬರು ಬರೆಯಲು ಬಗ್ಗಿದೆ. ಅವನ ಡ್ರಮ್ಮಿನ ಮುಚ್ಚಳದಂಚಿನಲ್ಲಿ ಉಗುರು ತೂರುವಷ್ಟು ಸಂದಿತ್ತು.

"ಅಣ್ಣ, ಇದು ಸರಿಯಾಗಿ ಕೂತಿಲ್ಲ."

"ಗೊತ್ತು. ನೀನು ನಂಬರು ಬರಿ."

"ತಲೆ ನೆಟ್ಟಗಿದೆಯಾ ನಿನಗೆ?"

"ಬೈದಾದರೂ ಬರೀಲಿ ಕಣೇ" ಎಂದ. "ಹದಿನೇಳನೇ ನಂಬರಿನೋನು ಕೆಲಸಕ್ಕೆ ಬಾರದೋನು ಅಂತ ಅವನ ಅಕ್ಷರದಲ್ಲಿ ಒಂದು ಸಾಲು ಬಂದರೆ ಸಾಕು."

ಬರೆದೆ. ನನ್ನದೂ ತಪ್ಪೇ.

ದಿನವೂ ಟಪಾಲು ಬರುವ ಹೊತ್ತಿಗೆ ಅಣ್ಣ ಏನಾದರೊಂದು ನೆವ ಹೇಳಿ ಆಫೀಸಿನ ಕಡೆ ಹೋಗುತ್ತಿದ್ದ. ಗುಮಾಸ್ತರು, "ನಿಮ್ಮ ಮೇಲೆ ದೂರು ಬರೋದಾ? ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ದಿನ ಬನ್ನಿ" ಎಂದು ನಗುತ್ತಿದ್ದರು. ಒಂದು ತಿಂಗಳಾಯಿತು, ಎರಡಾಯಿತು. ದೂರು ಬರಲಿಲ್ಲ.

ಕೊನೆಗೆ ಡ್ರೈವರನ್ನೇ ಹಿಡಿದು ಕೇಳಿದೆವು.

"ಆ ಡ್ರಮ್ಮಾ? ಮೇಲುಗಡೆ ಒಂದು ಗೇಣು ರಾಡಿಯಾಗಿತ್ತು" ಎಂದ. "ದೂರು ಬರೀರಿ ಅಂತ ಮೇಸ್ತ್ರಿ ಕಾಗದ ಕೊಟ್ಟರು. ನಿಮ್ಮ ತಮ್ಮ ನಂಬರು ನೋಡಿದ. ಆ ರಾಡಿಯನ್ನೆಲ್ಲ ತಾನೇ ಬಳಿದು ಬೇರೆ ಮಾಡಿದ. ಮಾಡಿದೋನ ಹೊಟ್ಟೆ ಮೇಲೆ ಹೊಡೆಯೋ ಕಾಗದ ನಾನು ಬರೆಯೋದಿಲ್ಲ ಅಂದುಬಿಟ್ಟ."

ಅಣ್ಣ ಅಲ್ಲೇ ಖಾಲಿ ಡ್ರಮ್ಮಿನ ಮೇಲೆ ಕೂತುಬಿಟ್ಟ. "ಅವನು ಮಾಡದ ತಪ್ಪನ್ನು ನಾನು ಬರೆಸಿದೆ" ಎಂದ. "ನಾನು ಮಾಡಿದ ತಪ್ಪನ್ನು ಅವನು ಬರೀಲಿಲ್ಲ."

ಮರುದಿನ ಅಣ್ಣ ಮ್ಯಾನೇಜರ ಮುಂದೆ ನಿಂತು ತೊಟ್ಟಿಯ ಕಥೆಯನ್ನೂ ಡ್ರಮ್ಮಿನ ಕಥೆಯನ್ನೂ ಬಿಡದೆ ಹೇಳಿದ. ಹೊಸ ಮ್ಯಾನೇಜರು, "ಮುಗಿದುಹೋದದ್ದನ್ನ ಯಾಕ್ರೀ ಕೆದಕ್ತೀರಿ?" ಎಂದರು. ಅಣ್ಣ ಜಗ್ಗಲಿಲ್ಲ. ಮುಚ್ಚಳಪ್ಪ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಳೆಯ ವಿಚಾರಣೆಯ ಕಡತ ತರಿಸಿ, ತಪ್ಪು ಹದಿನೇಳನೇ ನಂಬರಿನವನದು ಎಂದು ತಿದ್ದಿ ಮುದ್ರೆ ಒತ್ತಿದರು. ಅಣ್ಣನನ್ನು ತುಂಬುವ ಕೆಲಸದಿಂದ ತೆಗೆದು ಉಪ್ಪಿನ ರಾಶಿಗೆ ಹಾಕಿದರು. ಮಾಡಿದ್ದುಣ್ಣೋ ಮಹಾರಾಯ. ಅಣ್ಣ ತಮ್ಮನಿಗೆಂದು ಮುದ್ರೆಯ ಕಾಗದದ ಒಂದು ಪ್ರತಿಯನ್ನು ಡ್ರೈವರನ ಕೈಗೆ ಕೊಟ್ಟ.

ಎಂಟು ದಿನಕ್ಕೆ ಲಾರಿ ಹಿಂದಿರುಗಿತು. ಅಣ್ಣ ಉಪ್ಪಿನ ರಾಶಿಯಿಂದ ಸಲಿಕೆ ಹಿಡಿದುಕೊಂಡೇ ಬಂದ.

"ಒಡೆದನಾ?"

"ಒಡೆದ. ನಿಂತುಕೊಂಡು ಓದಿದ, ಆಮೇಲೆ ಕೂತುಕೊಂಡು ಇನ್ನೊಂದು ಸಲ ಓದಿದ."

"ಏನಂದ?"

ಡ್ರೈವರು ನನ್ನ ಮುಖ ನೋಡಿದ. "ಹೇಳಲಾ? 'ಕಾಗದ ಕಳಿಸ್ತಾನಂತೆ ಕಾಗದ. ಬರೋದಕ್ಕೆ ನಮ್ಮಣ್ಣನ ಕಾಲಿಗೇನಾಗಿದೆಯಂತೆ?' ಅಂದ."

"ನಮ್ಮಣ್ಣ ಅಂದನಾ?"

"ಹಾಗೇ ಅಂದ."

ಲಾರಿ ಮರುದಿನವೇ ಮತ್ತೆ ಹೊರಡುವುದಿತ್ತು. ಬೆಳಿಗ್ಗೆ ಅಣ್ಣ ಒಗೆದ ಅಂಗಿ ಹಾಕಿಕೊಂಡು ಡ್ರೈವರನ ಪಕ್ಕ ಹತ್ತಿ ಕೂತ. ಆಮೇಲೆ ಏನನ್ನೋ ಮರೆತವನಂತೆ ಕೆಳಗಿಳಿದು ನನ್ನ ಹತ್ತಿರ ಬಂದ. ಕತ್ತು ಮೇಲೆತ್ತಲಿಲ್ಲ.

"ಅವನಿಗೆ ಹೋಗಿದ್ದು ಯಾವ ಕಣ್ಣೇ?"

ಅದಾದ ಮೇಲೂ ಇಷ್ಟೂ ವರ್ಷ ನಾವಿಬ್ಬರೂ ಒಂದೇ ಸೂರಿನಡಿ ಇದ್ದೆವು. ಇವನಿಗೆ ಅದೂ ಗೊತ್ತಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ.

"ಎಡಗಣ್ಣು" ಎಂದೆ.

"ಹಾಗಾದರೆ ಅವನ ಬಲಕ್ಕೆ ಕೂತ್ಕೋತೀನಿ" ಎಂದು ಲಾರಿ ಹತ್ತಿದ.