ಸಂಕಪ್ಪನ ವೈರಿಂಗ್

ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನ ಹಿಂದೆ ಗಾಡಿಗಳ ವೈರಿಂಗ್ ಮಾಡುವ ಸಂಕಪ್ಪನಷ್ಟು ನಿಧಾನದ ಮನುಷ್ಯನನ್ನು ನಾನು ಕಂಡಿಲ್ಲ. ಬೆಳ್ತಂಗಡಿ ಕಡೆಯವನು, ಒಮಾನಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬೈಕಿಗೆ ಜಿಪಿಎಸ್ ಕೂರಿಸುವುದು ಉಳಿದವರಿಗೆ ಅರ್ಧ ಗಂಟೆಯ ಕೆಲಸ, ಇವನಿಗೆ ಅರ್ಧ ದಿನದ್ದು. ಕ್ಲ್ಯಾಂಪಿನ ಅಡಿಗೆ ಹಳೆಯ ಟ್ಯೂಬಿನ ತುಂಡು ಇಡಬೇಕು, ಇಲ್ಲದಿದ್ದರೆ ಅದುರಿ ಅದುರಿ ಕಳಚುತ್ತದೆ. ಹ್ಯಾಂಡಲ್ ತಿರುಗುವಲ್ಲಿ ವೈರನ್ನು ಸ್ವಲ್ಪ ಸಡಿಲ ಬಿಡಬೇಕು, ಇಲ್ಲದಿದ್ದರೆ ಎಳೆದು ತುಂಡಾಗುತ್ತದೆ. "ಹೆಣ್ಣು ನೋಡ್ಲಿಕ್ಕೆ ಬಂದವರೂ ಇಷ್ಟು ನೋಡುವುದಿಲ್ಲ ಮಾರಾಯ" ಎಂದು ನಾನು ರೇಗಿಸುತ್ತಿದ್ದೆ. ಅವನು ತಲೆಯನ್ನೇ ಎತ್ತುತ್ತಿರಲಿಲ್ಲ.

ರುಸೈಲ್‌ನ ಒಂದು ಔಷಧಿ ಗೋದಾಮಿನಲ್ಲಿ ನಾನು ಗುಮಾಸ್ತ. ನಮ್ಮ ಬೈಕ್ ಸವಾರ ಸಲಾಂ, ಉಪ್ಪಿನಂಗಡಿಯವನು. ಅವನ ಹೆಂಡತಿ ಫಿದಾ ಊರಿನಲ್ಲಿದ್ದಳು. ಗಂಡನ ಬೈಕು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುತ್ತಿರಬೇಕೆಂದು ಅವಳಿಗೆ ಆಸೆ. ಅದಕ್ಕೇ ಸಲಾಂ ಸಂಕಪ್ಪನ ಹತ್ತಿರ ಬಂದ.

"ಡೈರೆಕ್ಟ್ ಬ್ಯಾಟರಿಗೆ ಕೊಡಿ ಸಂಕಪ್ಪಣ್ಣ. ಯಾವಾಗಲೂ ಆನ್ ಇರಲಿ."

"ಎರಡು ದಿನ ಬೈಕ್ ನಿಲ್ಸಿದ್ರೆ ಬ್ಯಾಟರಿ ಖಲಾಸ್. ಕೀಯ ಲೈನಿಗೆ ಕೊಡ್ತೇನೆ. ಕೀ ಹಾಕಿದ್ರೆ ಆನ್, ತೆಗೆದ್ರೆ ಆಫ್. ಮತ್ತೆ, ಎಲ್ಲಿಯಾದ್ರೂ ಬಿದ್ರೆ ಮೊದಲು ಕೀ ತೆಗಿ, ಆಯ್ತಾ? ಪೆಟ್ರೋಲ್ ಸೋರಿ ಬೆಂಕಿ ಹಿಡೀತದೆ."

ಎರಡೂ ಸರಿಯಾದ ಮಾತೇ. ಅಂದಿನಿಂದ ಫಿದಾಳ ಮೊಬೈಲಿನಲ್ಲಿ ಬೈಕು ಓಡುವಾಗ ಹಸಿರು ಚುಕ್ಕಿ, ಕೀ ತೆಗೆದರೆ ಬೂದು ಚುಕ್ಕಿ. ಬೂದಾದರೆ ಗಂಡ ಎಲ್ಲೋ ಸುಖವಾಗಿ ತಲುಪಿದ್ದಾನೆ ಎಂದು ಅವಳಿಗೆ ನೆಮ್ಮದಿ.

ಜೂನ್ ತಿಂಗಳ ಒಂದು ಮಧ್ಯಾಹ್ನ ತುರ್ತು ಔಷಧಿ ಹೊತ್ತು ದೂರದ ಇಬ್ರಾ ಊರಿಗೆ ಹೊರಟಿದ್ದ ಸಲಾಂ ರಸ್ತೆಯಿಂದ ಜಾರಿ, ಯಾರಿಗೂ ಕಾಣದ ಹಾಗೆ ಕೆಳಗಿನ ಕಲ್ಲುಗಳ ನಡುವೆ ಬಿದ್ದ. ಮೊಬೈಲ್ ಪುಡಿಯಾಯಿತು. ಫಿದಾ ಬೂದು ಚುಕ್ಕಿ ನೋಡಿ ಮಕ್ಕಳಿಗೆ ಊಟ ಬಡಿಸಿದಳು. ಅವನು ತಿರುಗಿ ಬರುವುದೇ ಸಂಜೆಗೆ, ಹಾಗಾಗಿ ನಮಗೂ ಸಂಶಯ ಬರಲಿಲ್ಲ. ಸಂಜೆಯಾದರೂ ಅವನು ಬಾರದಿದ್ದಾಗ ಫಿದಾಳಿಂದಲೇ ಚುಕ್ಕಿಯ ಜಾಗ ಕೇಳಿಕೊಂಡು ನಾವು ಓಡಿದೆವು. ಅವನ ಒಂದು ಕಾಲು ಮಾತ್ರ ಮುರಿದಿತ್ತು. ಜೀವ ತೆಗೆದದ್ದು ಬಿಸಿಲು. ಕೀ ಅವನ ಪ್ಯಾಂಟಿನ ಜೇಬಿನಲ್ಲಿತ್ತು.

ಫಿದಾಳಿಗೆ ಸುದ್ದಿ ಮುಟ್ಟಿಸಿದವನು ನಾನೇ. "ಬಿದ್ದ ಕೂಡಲೇ ಹೋದ ತಂಗಿ. ಅವನಿಗೆ ಎಂತದ್ದೂ ಗೊತ್ತಾಗಲಿಲ್ಲ" ಎಂದೆ. ಶುದ್ಧ ಸುಳ್ಳು. ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಸಂಕಪ್ಪ ಒಂದು ವಾರ ಅಂಗಡಿ ತೆರೆಯಲಿಲ್ಲ. ತನ್ನ ವೈರಿಂಗೇ ಸಲಾಂನನ್ನು ಕೊಂದಿತು ಎಂದು ಮಗುವಿನ ಹಾಗೆ ಅತ್ತ. ಫಿದಾಳಿಗೆ ಹೇಳಲೇಬೇಕೆಂದು ಹಟ ಹಿಡಿದ. "ಬಾಯಿ ಮುಚ್ಚಿಕೊಂಡು ಕೂತ್ಕೋ" ಎಂದು ಗದರಿದೆ.

"ಉಪ್ಪು ತಿಂದವ ನೀರು ಕುಡೀಬೇಕಲ್ಲ" ಎಂದವನೇ ನನ್ನೆದುರೇ ಫೋನ್ ಮಾಡಿದ. ಸ್ಪೀಕರ್ ಹಾಕಿತ್ತು.

ಅವನು ಹೆಸರು ಹೇಳುತ್ತಿದ್ದಂತೆ ಅವಳು ಅಳತೊಡಗಿದಳು. "ತಪ್ಪು ನಂದು ಅಣ್ಣ. ಬೂದು ಆದದ್ದು ನೋಡಿಯೂ ಫೋನ್ ಮಾಡಲಿಲ್ಲ. ತಲುಪಿದ್ರು ಅಂತ ತಿಳ್ಕೊಂಡೆ. ಜೀವ ಹೋದ ಮೇಲೂ ಸಂಜೆವರೆಗೆ ಅವರ ಮಯ್ಯತ್ತು ಬಿಸಿಲಲ್ಲಿ ಬಿದ್ದಿತ್ತು."

"ನಿನ್ನದಲ್ಲ ತಂಗಿ, ನನ್ನದು. ಕೀ ತೆಗೆದ್ರೆ ಆಫ್ ಆಗುವ ಹಾಗೆ ಮಾಡಿದವ ನಾನು. ಬಿದ್ರೆ ಕೀ ತೆಗಿ ಅಂತ ಹೇಳಿದವನೂ ನಾನೇ. ಅವ ನನ್ನ ಮಾತು ಕೇಳಿದ. ಕೀ ತೆಗೆದು ಜೇಬಿಗೆ ಹಾಕಿಕೊಂಡ."

ನಾನು ಫೋನಿಗೆ ಕೈ ಚಾಚಿದೆ. ಅಷ್ಟರಲ್ಲಿ ಆ ಕಡೆ ಅಳು ನಿಂತಿತ್ತು.

"ಹಾಗಾದ್ರೆ ಬಿದ್ದ ಮೇಲೆ ಅವರಿಗೆ ಜೀವ ಇತ್ತಾ ಅಣ್ಣ?"

ಸಂಕಪ್ಪ ನನ್ನ ಮುಖ ನೋಡಿದ. ತಾನು ಏನು ಹೇಳಿಬಿಟ್ಟೆ ಎಂಬುದು ಅವನಿಗೆ ಹೊಳೆದದ್ದೇ ಆಗ. ಇದೊಂದು ಸಲ ಸುಳ್ಳು ಹೇಳು ಎಂದು ನಾನು ಕೈ ಮುಗಿದೆ.

"ಇತ್ತು" ಎಂದ.

"ಎಷ್ಟು ಹೊತ್ತು?" ಎಂದು ಕೇಳಿದಳು ಫಿದಾ.