ಮಾವನ ಮೇಜಿನ ದೀಪ

ಸೊಸೆಗೆ ಬರೆಯುವ ಕೆಲಸ. ಕತೆಯಲ್ಲ, ಕಾಗದವಲ್ಲ, ಯಂತ್ರಕ್ಕೆ ಬುದ್ಧಿ ಹೇಳುವ ಬರವಣಿಗೆ. ಜನರ ಪರವಾಗಿ ಮನೆಯ ದೀಪ, ಫ್ಯಾನು, ಬಾಗಿಲ ಬೀಗ ನೋಡಿಕೊಳ್ಳುವ ಎಐ ಏಜೆಂಟುಗಳು ಬಂದಿವೆಯಲ್ಲ, ಅವಕ್ಕೆ ಕಣ್ಣಿಲ್ಲ. ಮನೆಯಲ್ಲಿ ಏನೇನು ಸಾಧನ ಇದೆ ಅಂತ ಅವು ಮೊದಲು ಒಂದು ಟೂಲನ್ನು, ಅಂದರೆ ಅದಕ್ಕೆಂದೇ ಇರುವ ಸಣ್ಣ ಪ್ರೋಗ್ರಾಮನ್ನು ಕೇಳಬೇಕು, ಅದು ಪಟ್ಟಿ ಕೊಡಬೇಕು. ಹೇಗೆ ಕೇಳಬೇಕು, ಬಂದ ಪಟ್ಟಿಯನ್ನು ಹೇಗೆ ಓದಬೇಕು ಅಂತ ಏಜೆಂಟಿಗೆ ತಿಳಿಯುವ ಹಾಗೆ ಬರೆದಿಡುವವಳು ಇವಳು.

"ಕುರುಡರಿಗೆ ಮನೆ ತೋರಿಸೋ ಕೆಲಸ ಅನ್ನು," ಅಂದಿದ್ದರು ಮಾವ.

ಮಾವ ದರ್ಜಿ. ಬೀದಿ ಕಡೆಯ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಅದರ ಮೇಲೆ ಕುತ್ತಿಗೆ ಬಗ್ಗಿಸಿ ನಿಂತ ದೀಪ. ಬೆರಳ ಗಂಟುಗಳು ಸೆಟೆದು ಸ್ವಿಚ್ಚು ಒತ್ತುವುದೂ ಕಷ್ಟವಾದಾಗ, ಬಾಯಲ್ಲಿ ಹೇಳಿದರೆ ಹತ್ತುವ ಬಲ್ಬನ್ನು ಸೊಸೆಯೇ ತಂದು ಹಾಕಿದಳು. ಕಚೇರಿಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಖಾತೆಗೂ ಅದನ್ನು ಸೇರಿಸಿದಳು. ಕಣ್ಣಾರೆ ನೋಡದ್ದನ್ನು ಬರೆಯುವ ಜಾಯಮಾನ ಅವಳದಲ್ಲ. ಪಟ್ಟಿ ಹೀಗಿರುತ್ತದೆ ಅಂತ ತೋರಿಸಲು ಒಂದು ಉದಾಹರಣೆ ಬೇಕಾದಾಗ, ಬೇರೆಯವರಾಗಿದ್ದರೆ ಯಾವುದೋ ಸುಳ್ಳು ಗುರುತಿನ ಸಂಖ್ಯೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ನಿಜವಾದದ್ದನ್ನೇ ಬರೆದಳು: "ಮಾವನ ಮೇಜಿನ ದೀಪ", ಅದರ ಅಸಲಿ ಸಂಖ್ಯೆಯ ಸಮೇತ.

ಆಮೇಲೆ ಮಾವ ಹೋದರು. ಒಂದು ತೋಳು ಕೂಡಿಸದ ಕೋಟು ಯಂತ್ರದ ಮೇಲೇ ಉಳಿಯಿತು. ಅತ್ತೆ ಆ ಹೊಲಿಗೆ ಕೋಣೆಯ ಬಾಗಿಲು ಎಳೆದುಕೊಂಡರು. ಮಗ ಲಾರಿ ಓಡಿಸುವವನು, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆ ತಟ್ಟೆಯ ಮುಂದೆ ಕೂರುವರು, ಕಲಸುವರು, ಹಾಗೇ ಎದ್ದುಬಿಡುವರು.

"ಇಳಿಯಲ್ಲ ಕಣೇ. ಬಲವಂತ ಮಾಡಬೇಡ."

ಒಂದು ಸಂಜೆ ಆ ಬಾಗಿಲ ಸಂದಿಯಲ್ಲಿ ಬೆಳಕು ಕಂಡಿತು.

"ದೀಪ ನೀನು ಹಾಕಿದ್ಯೇನೇ?"

"ಇಲ್ಲವಲ್ಲ ಅತ್ತೆ. ನಾನು ಒಲೆ ಮುಂದೆ ಇದ್ದೀನಿ."

ಅತ್ತೆ ಒಳಗೆ ಹೋಗಿ ದೀಪ ಆರುವವರೆಗೂ ಕೂತರು. ಮಾರನೆಯ ದಿನವೂ ಹತ್ತಿತು. "ಬಂದ್ರು ನೋಡು ಯಜಮಾನರು," ಅನ್ನುತ್ತಾ ಅತ್ತೆ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡರು. ಗುಂಡಿಯ ಕಾಜ ಹೊಲಿಯುವುದು ಮೊದಲಿನಿಂದಲೂ ಅವರ ಪಾಲಿನ ಕೆಲಸ. "ಹಾಗೇ ಕೂತು ನೋಡ್ತಿರಿ, ಇವಳು ಸೊಟ್ಟ ಹಾಕಿದ್ಲು ಅಂತ ಬೈಯೋಕೆ," ಅಂತ ಖಾಲಿ ಕುರ್ಚಿಗೆ ಹೇಳುವರು. ಆ ವಾರ ತಟ್ಟೆ ಖಾಲಿಯಾಗತೊಡಗಿತು. ಬಲ್ಬು ಕೆಟ್ಟಿರಬೇಕು ಅಂತ ಸೊಸೆಗೆ ಅನ್ನಿಸದೇ ಇರಲಿಲ್ಲ. ಅತ್ತೆ ಉಣ್ಣುತ್ತಿದ್ದಾರಲ್ಲ ಅಂತ ಬಾಯಿಗೆ ಬೀಗ ಹಾಕಿಕೊಂಡಳು.

ಕಚೇರಿಯ ಮೇಲಧಿಕಾರಿ ಫೋನು ಮಾಡಿದ.

"ಮೇಡಂ, ದಿನಾ ಸಂಜೆ ನಡೆಸೋ ಪರೀಕ್ಷೇಲಿ ಏಜೆಂಟುಗಳು ಎಷ್ಟೋ ಸಲ ಪಟ್ಟಿ ಕೇಳೋದೇ ಇಲ್ಲ. ನೀವು ಕೊಟ್ಟ ಉದಾಹರಣೆನೇ ನಿಜ ಅಂದ್ಕೊಂಡು ಆ ದೀಪಕ್ಕೇ ಅಪ್ಪಣೆ ಕೊಡ್ತಿವೆ. ಯಾರ ಮನೇದು ಅದು? ಪಾಪ, ದೆವ್ವ ಹೊಕ್ಕ ಹಾಗೆ ಹತ್ತಿ ಆರ್ತಿರಬೇಕು!"

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

"ನಾಳೆ ತಿದ್ದಿದರೆ ಆಗಲ್ವಾ?"

"ನಾಳೆ ಇದು ಜನರ ಕೈಗೆ ಹೋಗುತ್ತೆ. ಯಾರೋ ಬಾಗಿಲು ಹಾಕು ಅಂತಾರೆ. ಏಜೆಂಟು ಇನ್ಯಾವುದಕ್ಕೋ ಹೇಳಿ, ಹಾಕಿದೆ ಅನ್ನುತ್ತೆ. ನಂಬಿ ಮಲಗಿದವರ ಗತಿ?"

ಗೋಡೆಯಾಚೆ ಅತ್ತೆ ಕುರ್ಚಿಯ ಜೊತೆ ಮಾತಾಡುತ್ತಿದ್ದರು. ಸೊಸೆ ಕೂತು ತಿದ್ದಿದಳು. ಮೊದಲು ಪಟ್ಟಿ ಕೇಳು. ಪಟ್ಟಿಯಲ್ಲಿ ಕಂಡದ್ದನ್ನು ಮಾತ್ರ ಮುಟ್ಟು. ಪಟ್ಟಿ ಖಾಲಿ ಬಂದರೆ ಖಾಲಿ ಅಂತಲೇ ಹೇಳು, ಊಹಿಸಬೇಡ. ಮಾವನ ದೀಪವನ್ನು ಅಳಿಸಿ ಆ ಜಾಗದಲ್ಲಿ ಎಲ್ಲೂ ಇಲ್ಲದ ಒಂದು ದೀಪ ಬರೆದಳು. ಪರೀಕ್ಷೆಯ ಖಾತೆಯಿಂದಲೂ ಅದನ್ನು ತೆಗೆದಳು.

ಮರುದಿನ ಸಂಜೆ ದೀಪ ಹತ್ತಲಿಲ್ಲ. ಅತ್ತೆ ದಾರ ಪೋಣಿಸಿದ ಸೂಜಿ ಹಿಡಿದು ಕತ್ತಲಲ್ಲೇ ಕೂತಿದ್ದರು. ಸೊಸೆಯ ಕೈಯಲ್ಲಿ ಫೋನಿತ್ತು. ಹೊಸ್ತಿಲಾಚೆ ನಿಂತು ಅದನ್ನೊಮ್ಮೆ ಮುಟ್ಟಿದ್ದರೆ ದೀಪ ಹತ್ತುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಒಳಗೆ ಬಂದು ಪಕ್ಕದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತೆ ಪೂರ್ತಿ ಕೇಳಿದರು.

"ಅಂದ್ರೆ, ಅವರಲ್ಲ."

"ಅಲ್ಲ ಅತ್ತೆ."

"ನನಗೂ ಅನ್ನಿಸಿತ್ತು ಬಿಡು. ಬೆಳಕಿರೋವಾಗ ದೀಪ ಹಾಕಿದ್ರೆ ಮೈಮೇಲೆ ಬರ್ತಿದ್ದ ಗಂಡಸು, ದಿನಾ ಕತ್ತಲಾಗೋ ಮುಂಚೆನೇ ಹಾಕ್ತಾರಾ?" ಅಂತ ನಗಲು ಹೋದರು. ಅರ್ಧಕ್ಕೇ ನಿಂತಿತು.

"ನಾನು ಹಾಕಲಾ ಅತ್ತೆ?"

"ಬೇಡ. ನೀನು ಹಾಕಿದ್ರೆ ನೀನು ಹಾಕಿದ್ದಾಗುತ್ತೆ."

ಅತ್ತೆ ಸೂಜಿಯನ್ನು ಕೋಟಿನ ಕಾಲರಿಗೆ ಚುಚ್ಚಿದರು. ಕೋಟನ್ನು ಮಡಚಿ, ಕೂಡಿಸದ ತೋಳನ್ನು ಅದರೊಳಗೇ ಇಟ್ಟು, ಎದ್ದರು. ಕಾಜ ಒಂದು ಬಾಕಿ ಇತ್ತು.

"ಊಟಕ್ಕೆ ಬನ್ನಿ."

"ನೀನು ಮಾಡಮ್ಮ."

ಅತ್ತೆ ತಾವು ಮಲಗುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ ಸದ್ದಾಯಿತು. ಸೊಸೆ ಅಡುಗೆಮನೆಗೆ ಹೋಗಿ, ಹಾಕಿಟ್ಟಿದ್ದ ಎರಡು ತಟ್ಟೆಗಳಲ್ಲಿ ಒಂದನ್ನು ಎತ್ತಿ ಮತ್ತೆ ಗೂಡಿನಲ್ಲಿಟ್ಟಳು.